‘ನಮ್ಮ ನಾಯಿ ಏನೂ ಮಾಡಲ್ಲ’

ಪಶುವೈದ್ಯನಾಗಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು: "ನಮ್ಮ ನಾಯಿ ಏನೂ ಮಾಡಲ್ಲ ಡಾಕ್ಟ್ರೇ, ಅದಕ್ಕೇ ಹಗ್ಗ ಬಿಚ್ಚಿ ಬಿಟ್ಟಿದ್ದೆ." ನಿಜ, ಅದು ಸಾಧುವೇ. ಆದರೂ ಹೊಲಿಗೆ ಹಾಕಿಸಿಕೊಳ್ಳಲು ಟೇಬಲ್ ಮೇಲೆ ಮಲಗಿರುವುದು ಅದೇ.

ನಾಯಿಗಳು ತಮ್ಮಷ್ಟಕ್ಕೆ ಎದುರಾದರೆ ಸಾಮಾನ್ಯವಾಗಿ ನೇರ ನುಗ್ಗುವುದಿಲ್ಲ. ಸ್ವಲ್ಪ ಬಳಸಿ ಬರುತ್ತವೆ, ಮೂಸುತ್ತವೆ, ಹಿಡಿಸದಿದ್ದರೆ ಸರಿದು ಹೋಗುತ್ತವೆ. ಒಂದಕ್ಕೆ ಮಾತ್ರ ಲೀಶ್, ಅಂದರೆ ಹಿಡಿದುಕೊಳ್ಳುವ ಹಗ್ಗ, ಇದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಹಿಡಿದುಕೊಂಡವರು ಗಾಬರಿಯಲ್ಲಿ ಎಳೆಯುತ್ತಾರೆ, ಕೊರಳು ಬಿಗಿಯುತ್ತದೆ, ಸರಿಯಲು ಜಾಗವಿಲ್ಲ. ಆಗ ಅದು ಹಲ್ಲು ಹಾಕುತ್ತದೆ. ಆಟಕ್ಕೆಂದು ಓಡಿ ಬಂದದ್ದಕ್ಕೆ ಗಾಯ.

ಹಾಗಾಗಿ ಹೊರಗೆ ಲೀಶ್ ಹಾಕಿರಬೇಕು ಅನ್ನುವ ನಿಯಮ ಪೋಲಿ ನಾಯಿಗಷ್ಟೇ ಅಲ್ಲ. ಒಂದೂವರೆ, ಎರಡು ಮೀಟರ್ ಉದ್ದವಿದ್ದರೆ ಸಾಕು. ಗುಂಡಿ ಒತ್ತಿದರೆ ಉದ್ದ ಬಿಚ್ಚಿಕೊಳ್ಳುವ ಲೀಶ್ ಜನ ಓಡಾಡುವ ಕಡೆ ಬೇಡವೇ ಬೇಡ. ಆ ತೆಳು ದಾರ ಬೆರಳಿಗೆ ಸುತ್ತಿಕೊಂಡರೆ ಚರ್ಮ ಕೊಯ್ಯುತ್ತದೆ.

ಇನ್ನು ಕಕ್ಕದ ವಿಷಯ. "ತಕ್ಷಣ ಎತ್ತಬೇಕು" ಅನ್ನುವ ನಿಯಮದಲ್ಲಿ ಜೀವ ಇರುವುದು ‘ತಕ್ಷಣ’ದಲ್ಲೇ. ನಾಯಿಯ ಕರುಳಲ್ಲಿ ಟಾಕ್ಸೊಕಾರಾ ಎಂಬ ಜಂತುಹುಳ ಇರಬಹುದು. ಒಂದು ಹೆಣ್ಣು ಹುಳ ದಿನಕ್ಕೆ 1 ಲಕ್ಷಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಆಗಷ್ಟೇ ಬಿದ್ದ ಕಕ್ಕದಲ್ಲಿನ ಈ ಮೊಟ್ಟೆಗಳಿಂದ ಸೋಂಕು ತಗಲುವುದಿಲ್ಲ. ಒಳಗೆ ಮರಿ ಬಲಿಯಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಅಷ್ಟರಲ್ಲಿ ಮಳೆ ಬಂದು ಕಕ್ಕ ಕರಗಿ, ಹುಲ್ಲು ನೋಡಲು ಚೊಕ್ಕಟವಾಗಿರುತ್ತದೆ. ಮೊಟ್ಟೆಗಳು ಮಾತ್ರ ಮಣ್ಣಲ್ಲೇ, ವರ್ಷಗಟ್ಟಲೆ. ಅಲ್ಲಿ ಆಡಿದ ಮಗು ಬೆರಳು ಚೀಪಿದರೆ ಮುಗಿಯಿತು. ಮರಿಹುಳ ಪಿತ್ತಜನಕಾಂಗಕ್ಕೆ, ಶ್ವಾಸಕೋಶಕ್ಕೆ, ಅಪರೂಪಕ್ಕೆ ಕಣ್ಣಿಗೂ ಹೋಗುತ್ತದೆ.

"ಗೊಬ್ಬರ ಆಗುತ್ತೆ ಬಿಡಿ" ಅನ್ನುತ್ತಾರೆ. ಸಗಣಿ ಬೇರೆ, ಇದು ಬೇರೆ. "ಹುಳದ ಔಷಧಿ ಕೊಟ್ಟಿದ್ದೀವಲ್ಲ" ಅಂತಲೂ ಅನ್ನುತ್ತಾರೆ. ಔಷಧಿ ಇವತ್ತು ಒಳಗಿರುವ ಹುಳವನ್ನು ಕೊಲ್ಲುತ್ತದೆ. ನಾಳೆ ನೆಲ ನೆಕ್ಕಿ ಮತ್ತೆ ತಂದುಕೊಳ್ಳುವುದನ್ನು ತಡೆಯುವುದಿಲ್ಲ.

ಎತ್ತುವುದು ಕಷ್ಟವೇನಲ್ಲ. ಚೀಲವನ್ನು ಗ್ಲೌಸಿನಂತೆ ಕೈಗೆ ಹಾಕಿ, ಹಿಡಿದು, ಒಳಹೊರಗು ಮಾಡಿ ಗಂಟು ಕಟ್ಟಿ. ಕೆಲವರು ಇಷ್ಟೆಲ್ಲ ಮಾಡಿ ಚೀಲವನ್ನು ಗಿಡದ ಕೊಂಬೆಗೆ ನೇತುಹಾಕಿ ಹೋಗುತ್ತಾರೆ. ಯಾರು ಬಂದು ಇಳಿಸಲಿ ಅಂತಲೋ, ಇಂದಿಗೂ ನನಗೆ ಗೊತ್ತಾಗಿಲ್ಲ.