ಆಮೆ ಕಟ್ಟೆ ಹತ್ತುತ್ತಿಲ್ಲ, ಏನು ಬದಲಾಯಿಸಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ರೆಡ್ ಇಯರ್ಡ್ ಸ್ಲೈಡರ್ ಆಮೆ ಇದೆ. ಫಿಲ್ಟರ್, ಹೀಟರ್, ಲೈಟು, ತೇಲುವ ಕಟ್ಟೆ ಎಲ್ಲಾ ತಂದು ಹಾಕಿದ್ದೇವೆ. ಆದರೂ ಅದು ಇಡೀ ದಿನ ನೀರಲ್ಲೇ ಇರುತ್ತದೆ, ಮೇಲೆ ಹತ್ತೋದೇ ಇಲ್ಲ. ಬೇರೆ ಯಾವ ಕಟ್ಟೆ ತರಬೇಕು?

ಉತ್ತರ: ಕಟ್ಟೆ ಬದಲಾಯಿಸುವ ಮುಂಚೆ ಒಂದು ಥರ್ಮಾಮೀಟರ್ ತಂದು ಎರಡು ಕಡೆ ಅಳೆಯಿರಿ. ಒಂದು ನೀರಿನೊಳಗೆ. ಇನ್ನೊಂದು ಕಟ್ಟೆಯ ಮೇಲೆ, ಆಮೆ ಕೂತರೆ ಅದರ ಬೆನ್ನು ಎಲ್ಲಿಗೆ ಬರುತ್ತದೋ ಅಲ್ಲಿ. ಹೆಚ್ಚಿನ ಸಲ ತೊಂದರೆ ಗೊತ್ತಾಗುವುದು ಇಲ್ಲೇ.

ಆಮೆಯ ಮೈ ಬೆಚ್ಚಗಾಗಬೇಕಾದರೆ ಹೊರಗಿನ ಬಿಸಿಯೇ ಗತಿ. ತಿಂದದ್ದು ಅರಗುವುದಕ್ಕೂ ಆ ಬಿಸಿ ಬೇಕು. ಅದಕ್ಕೇ ಹೊರಗೆ ಬದುಕುವ ಆಮೆ ಬಿಸಿಲು ಬಿದ್ದ ಬಂಡೆ, ಮರದ ದಿಮ್ಮಿ ಹುಡುಕಿ ಹತ್ತಿ ಮೈ ಕಾಯಿಸಿಕೊಳ್ಳುತ್ತದೆ. ಬೆಳೆದ ಸ್ಲೈಡರ್‌ಗೆ ನೀರು 24ರಿಂದ 26 ಡಿಗ್ರಿ ಸೆಲ್ಸಿಯಸ್, ಕಟ್ಟೆ 30ರಿಂದ 35 ಡಿಗ್ರಿ ಇದ್ದರೆ ಸರಿ. ಮರಿಯಾದರೆ ನೀರು ಒಂದೆರಡು ಡಿಗ್ರಿ ಜಾಸ್ತಿ ಇರಲಿ. ಪಾಪ, ಚಳಿಯಾದೀತು ಅಂತ ಹೀಟರನ್ನು 30ಕ್ಕೆ ತಿರುಗಿಸಿ ಇಡುವವರು ತುಂಬಾ ಜನ. ನೀರಲ್ಲೇ 30 ಡಿಗ್ರಿ ಸಿಕ್ಕರೆ ಅದು ಯಾಕೆ ಮೇಲೆ ಹತ್ತಬೇಕು, ಅಲ್ವಾ? ಎರಡಕ್ಕೂ ಐದಾರು ಡಿಗ್ರಿಯಾದರೂ ವ್ಯತ್ಯಾಸ ಇರಲೇಬೇಕು. (ಮಸ್ಕ್ ಆಮೆಯಂಥ ಕೆಲವು ಜಾತಿಗಳು ಹತ್ತುವುದೇ ಕಡಿಮೆ. ಸ್ಲೈಡರ್ ಹಾಗಲ್ಲ.)

ಅಂಕಿ ಸರಿಯಿದ್ದರೆ ಆಗ ಕಟ್ಟೆಯನ್ನು ನೋಡಿ. ನೀವು ಹೇಳಿದ ತೇಲುವ ಕಟ್ಟೆ ಮರಿಗಳಿಗೆ ಪರವಾಗಿಲ್ಲ. ಆಮೆ ದೊಡ್ಡದಾದ ಮೇಲೆ ಏನಾಗುತ್ತದೆ ಎಂದು ದೂರದಿಂದ ಸುಮ್ನೆ ಗಮನಿಸಿ. ಮುಂಗಾಲೆರಡನ್ನೂ ಅಂಚಿಗೆ ಊರುತ್ತದೆ. ಆ ಭಾರಕ್ಕೆ ಅಂಚು ನೀರೊಳಗೆ ಇಳಿಯುತ್ತದೆ, ಕಟ್ಟೆ ವಾಲುತ್ತದೆ, ಉಗುರು ಜಾರಿ ಆಮೆ ಹಿಂದಕ್ಕೆ ಬೀಳುತ್ತದೆ. ಹೀಗೆ ನಾಲ್ಕು ಸಲ ಬಿದ್ದರೆ ಅದು ಆ ಕಡೆ ಹೋಗುವುದನ್ನೇ ಬಿಡುತ್ತದೆ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲುಗಳನ್ನು ನಂಬಬೇಡಿ, ಪಾಚಿ ಹಿಡಿದರೆ ಕಳಚಿಕೊಳ್ಳುತ್ತವೆ. ಕೊಳ್ಳುವಾಗ ಕಟ್ಟೆಯ ನಡುವೆ ಅಲ್ಲ, ಅಂಚಿನಲ್ಲಿ ಒತ್ತಿ ನೋಡಿ. ನಿಮ್ಮ ಆಮೆಯಷ್ಟು ಭಾರಕ್ಕೆ ಅಲುಗಾಡದೆ ನಿಂತರೆ ಮಾತ್ರ ತನ್ನಿ.

ಕಟ್ಟೆಗೆ ಹೋಗುವ ಇಳಿಜಾರು ನೀರೊಳಗಿನಿಂದಲೇ ಶುರುವಾಗಬೇಕು, ಉಗುರಿಗೆ ಹಿಡಿತ ಸಿಗುವಷ್ಟು ಒರಟಾಗಿರಬೇಕು. ಮೇಲೆ ಆಮೆ ಪೂರ್ತಿ ತಿರುಗಿ ಕೂರುವಷ್ಟು ಜಾಗ ಬೇಕು. ಇನ್ನೊಂದು ಮಾತು: ಹತ್ತಿದರೆ ಸಾಲದು, ಒಣಗಬೇಕು. ಹೊಟ್ಟೆಯ ಕಡೆಯ ಚಿಪ್ಪೂ ಒಣಗಬೇಕು. ನೀರು ಹೀರುವ ಹುಲ್ಲುಹಾಸಿನ ತುಂಡನ್ನು ಹಾಸಿದರೆ ನೋಡೋಕೆ ಚೆನ್ನಾಗಿರುತ್ತದೆ, ಆದರೆ ಆಮೆಯ ಅಡಿಭಾಗ ಯಾವಾಗಲೂ ತೇವ. ಸದಾ ಒದ್ದೆಯಿರುವ ಚಿಪ್ಪಿಗೆ ಬೂಸ್ಟು ಹಿಡಿಯಬಹುದು, ಚಿಪ್ಪು ಕೊಳೆಯುವ ರೋಗವೂ ಬರಬಹುದು. ನೀರು ಸೋರಿ ಹೋಗುವಂಥ ಜಾಲರಿಯ ಕಟ್ಟೆ, ನಯವಾದ ಅಂಚಿನ ಅಗಲವಾದ ಕಲ್ಲು, ಇವೇ ವಾಸಿ. ಕಲ್ಲಾದರೆ ಆಮೆ ಅದರಡಿ ಸಿಕ್ಕಿಕೊಳ್ಳುವಂಥ ಸಂದು ಇರಕೂಡದು. ದೊಡ್ಡ ಆಮೆಗೆ ನನ್ನ ಆಯ್ಕೆ ಬೇರೆ: ಟ್ಯಾಂಕಿನ ಮೇಲೆ ಕೂರುವ, ಸುತ್ತ ಗೋಡೆಯಿರುವ ಪೆಟ್ಟಿಗೆ. ಕೆಳಗೆ ನೀರಿನ ಜಾಗ ಪೂರ್ತಿ ಉಳಿಯುತ್ತದೆ, ಆಮೆ ಹೊರಗೆ ಹಾರುವ ಭಯವೂ ಇಲ್ಲ.

ಈಗ ಲೈಟು. ತುಂಬಾ ಜನ ಎಡವುವುದು ಇಲ್ಲೂ ಇದೆ. ಕಟ್ಟೆಯ ಮೇಲೆ ಎರಡು ಕೆಲಸ ಆಗಬೇಕು. ಒಂದು ಬಿಸಿ, ಇನ್ನೊಂದು ಯುವಿಬಿ ಕಿರಣ, ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ಕಿರಣ. ಬಿಸಿ ಕೊಡುವ ಸಾಮಾನ್ಯ ಬಲ್ಬಿನಿಂದ ಯುವಿಬಿ ಸಿಗುವುದಿಲ್ಲ. ಯುವಿಬಿ ಟ್ಯೂಬು ಅಷ್ಟಾಗಿ ಬಿಸಿ ಮಾಡುವುದಿಲ್ಲ. ಆ ಕಿರಣ ಚರ್ಮಕ್ಕೆ ಬಿದ್ದರೆ ಆಮೆ ವಿಟಮಿನ್ ಡಿ3 ತಯಾರಿಸಿಕೊಳ್ಳುತ್ತದೆ, ಡಿ3 ಇದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ, ಮೂಳೆ ಸೊಟ್ಟಗಾಗುತ್ತದೆ. ಕಿಟಕಿಯಿಂದ ಬಿಸಿಲು ಬರುತ್ತಲ್ಲ ಅಂದರೆ, ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಹಾಗಂತ ಗಾಜಿನ ಟ್ಯಾಂಕನ್ನೇ ಬಿಸಿಲಿಗೆ ಇಡಬೇಡಿ, ನೀರು ಬೇಗ ಕಾದು ಆಮೆಯ ಜೀವಕ್ಕೇ ಕುತ್ತು. ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳ ಇಟ್ಟು ಅದರ ಮೇಲೆ ಯುವಿಬಿ ಟ್ಯೂಬು ಕೂರಿಸಿದರೆ ಅದು ನೀರಲ್ಲಿ ಹೋಮ ಮಾಡಿದಂತೆಯೇ. ಮುಚ್ಚಳ ಬೇಕಾದರೆ ತಂತಿ ಬಲೆ ಹಾಕಿ. ಅದೂ ಸ್ವಲ್ಪ ಕಿರಣ ತಿನ್ನುತ್ತದೆ, ಆದರೆ ಗಾಜಿನಷ್ಟಲ್ಲ. ಸುರುಳಿ ಬಲ್ಬಿಗಿಂತ ಉದ್ದ ಟ್ಯೂಬು ಒಳ್ಳೆಯದು, ಹೆಚ್ಚು ಜಾಗಕ್ಕೆ ಹರಡುತ್ತದೆ. ಎಷ್ಟು ಎತ್ತರದಲ್ಲಿ ಇಡಬೇಕು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ, ಅದನ್ನೇ ಪಾಲಿಸಿ. ಕಣ್ಣಿಗೆ ಬೆಳಕು ಕಾಣುತ್ತಿದ್ದರೂ ಕಿರಣ ಕುಗ್ಗುತ್ತಾ ಹೋಗುತ್ತದೆ, ಆರರಿಂದ ಹನ್ನೆರಡು ತಿಂಗಳಿಗೆ ಟ್ಯೂಬು ಬದಲಾಯಿಸಬೇಕು. ಹಾಕಿದ ತಾರೀಕನ್ನು ಅದರ ಮೇಲೇ ಬರೆದಿಡಿ. ದಿನಕ್ಕೆ 10ರಿಂದ 12 ಗಂಟೆ ಉರಿಸಿ, ರಾತ್ರಿ ಕತ್ತಲೆ ಇರಲಿ. ಬಿಸಿ ಬಲ್ಬನ್ನು ಬರೀ ಕ್ಲಿಪ್ಪಿಗೆ ಸಿಕ್ಕಿಸಬೇಡಿ, ಚೈನು ಹಾಕಿ ಕಟ್ಟಿ. ಅದು ನೀರಿಗೆ ಬಿದ್ದರೆ ಗೊತ್ತಲ್ಲ.

ಟ್ಯಾಂಕಿನ ಅಳತೆಗೆ ಒಂದು ಅಂದಾಜು ಲೆಕ್ಕ ಇದೆ: ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್. ಹೆಣ್ಣು ಸ್ಲೈಡರ್ 25 ಸೆಂಟಿಮೀಟರ್ ದಾಟಬಲ್ಲದು. ಅಂದರೆ 375 ಲೀಟರ್, ನೀರಿನ ತೂಕವೇ 375 ಕಿಲೋ. ಸ್ಟ್ಯಾಂಡನ್ನು ಅದಕ್ಕೆ ತಕ್ಕಂತೆ ನೋಡಿ. ಆಮೆ ಮೀನಿಗಿಂತ ಎಷ್ಟೋ ಜಾಸ್ತಿ ಗಲೀಜು ಮಾಡುತ್ತದೆ, ಹಾಗಾಗಿ ನೀರಿನ ಲೆಕ್ಕಕ್ಕಿಂತ ಎರಡು ಮೂರು ಪಟ್ಟು ದೊಡ್ಡ ಫಿಲ್ಟರ್ ತನ್ನಿ. ಟ್ಯಾಂಕಿನ ಹೊರಗಿಡುವ, ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಆದರೆ ಒಳ್ಳೆಯದು. ಅದರ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಉಜ್ಜಿ ತೊಳೆಯಬೇಡಿ, ಆಮೆಯ ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಒಡೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲೇ ಮನೆ ಮಾಡಿಕೊಂಡಿರುತ್ತವೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಅಲ್ಲಾಡಿಸಿ ಹಿಂಡಿದರೆ ಸಾಕು. ಹೀಟರಿಗೆ ಪ್ಲಾಸ್ಟಿಕ್ ಕವಚ ಬೇಕೇ ಬೇಕು, ಆಮೆ ಗುದ್ದಿ ಗಾಜು ಒಡೆಯುತ್ತದೆ. ನೀರು ಬದಲಿಸುವ ಮುಂಚೆ ಪ್ಲಗ್ಗು ಕೀಳಿ. ಬಣ್ಣದ ಸಣ್ಣ ಕಲ್ಲುಗಳನ್ನು ಮಾತ್ರ ತರಲೇಬೇಡಿ. ಆಮೆ ನುಂಗಿದರೆ ಕರುಳಿಗೆ ಅಡ್ಡ ಬೀಳುತ್ತವೆ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಒಂದೆರಡು ವಾರ ಸಮಯ ಕೊಡಿ. ಆಮೆ ನಾಚಿಕೆಯ ಪ್ರಾಣಿ. ನಿಮ್ಮ ಹೆಜ್ಜೆ ಸಪ್ಪಳಕ್ಕೇ ಧುಮುಕಿರಬಹುದು, ನೀವು ಹತ್ತೋದೇ ಇಲ್ಲ ಅಂದುಕೊಂಡಿರಬಹುದು. ಫೋನಿನಲ್ಲಿ ವಿಡಿಯೋ ಹಾಕಿಟ್ಟು ಪಕ್ಕದ ಕೋಣೆಗೆ ಹೋಗಿ ನೋಡಿ. ಈಜುವಾಗ ಒಂದು ಕಡೆ ವಾಲುತ್ತಿದ್ದರೆ, ಕಣ್ಣು ಊದಿಕೊಂಡಿದ್ದರೆ, ಚಿಪ್ಪು ಒತ್ತಿದರೆ ಬಗ್ಗುತ್ತಿದ್ದರೆ ಕಾಯುತ್ತಾ ಕೂರಬೇಡಿ, ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಹಾಗೆಯೇ, ಹತ್ತಿದ ಆಮೆ ದಿನಗಟ್ಟಲೆ ಕೆಳಗೇ ಇಳಿಯದಿದ್ದರೂ ಏನೋ ಸರಿಯಿಲ್ಲ ಅಂತಲೇ. ಆಗ ಮೊದಲು ನೀರು ತಣ್ಣಗಾಗಿದೆಯಾ ನೋಡಿ. ಅದು ಸರಿಯಿದ್ದರೂ ಇಳಿಯುತ್ತಿಲ್ಲ ಅಂದರೆ ವೈದ್ಯರ ಹತ್ತಿರ ಹೋಗಲೇಬೇಕು.