ಹಿತ್ತಲಲ್ಲಿ ಅಣುಬಾಂಬ್ ಕಾಲದ ಬಂಕರ್ ಸಿಕ್ಕರೆ

ಅಮೆರಿಕದಲ್ಲಿ ಹಳೇ ಮನೆಗಳ ಪಾಯ, ಗೋಡೆ, ನೆಲಮಾಳಿಗೆ ನೋಡುವುದು ನನ್ನ ಕೆಲಸ. ಇಲ್ಲಿ ಮನೆ ಕೊಂಡ ನಮ್ಮ ಕನ್ನಡದವರಿಂದಲೂ ಈಚೆಗೆ ಈ ಪ್ರಶ್ನೆ ಬರುತ್ತಿದೆ. "ಗಿಡ ನೆಡೋಕೆ ಅಗೀತಾ ಇದ್ವಿ ಸರ್, ಕಬ್ಬಿಣದ ಮುಚ್ಚಳ ಸಿಕ್ತು. ಒಳಗೆ ಏಣಿ ಕಾಣಿಸ್ತಿದೆ. ಇಳಿದು ನೋಡಬಹುದಾ?"

ಬೇಡ. ದಯವಿಟ್ಟು ಇಳಿಯಬೇಡಿ. ಮಕ್ಕಳು, ನಾಯಿ ಹತ್ತಿರ ಹೋಗದ ಹಾಗೆ ಅಡ್ಡ ಕಟ್ಟಿ, ಆಮೇಲೆ ಮುಂದಿನದು ಓದಿ.

ಏಣಿಯ ಜೊತೆ ಗಾಳಿಯ ಕೊಳವೆಯೂ ಇದ್ದರೆ ಅದು ಬಹುಶಃ ಫಾಲ್‌ಔಟ್ ಶೆಲ್ಟರ್, ಅಂದರೆ ಅಣುಬಾಂಬಿನ ವಿಕಿರಣದ ಬೂದಿಯಿಂದ ತಪ್ಪಿಸಿಕೊಳ್ಳಲು ಕಟ್ಟಿದ ನೆಲದಡಿಯ ಕೋಣೆ. ಎರಡೂ ಇಲ್ಲದಿದ್ದರೆ ಹಳೇ ಸೆಪ್ಟಿಕ್ ಟ್ಯಾಂಕೋ, ಎಣ್ಣೆ ಟ್ಯಾಂಕೋ ಇರಬಹುದು. ಅದರ ಅಪಾಯ ಇನ್ನೂ ಜಾಸ್ತಿ.

ಈ ಕೋಣೆಗಳನ್ನು ಬಾಂಬ್ ತಡೆಯುವುದಕ್ಕೆ ಕಟ್ಟಿದ್ದಲ್ಲ, ಬಾಂಬಿನ ಬೂದಿ ತಡೆಯುವುದಕ್ಕೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದೂರದಲ್ಲಿದ್ದ ಜಪಾನಿನ ದೋಣಿಯೊಂದರ 23 ಮೀನುಗಾರರ ಮೇಲೆ ವಿಕಿರಣದ ಬೂದಿ ಸುರಿಯಿತು. ಬಾಂಬ್ ಬಿದ್ದ ಊರಿಗೆ ಮಾತ್ರ ಅಪಾಯ ಅಲ್ಲ ಅಂತ ಜನಕ್ಕೆ ಗೊತ್ತಾಯಿತು. 1961ರ ಜುಲೈ 25ರಂದು, ಬರ್ಲಿನ್ ನಗರದ ವಿಚಾರಕ್ಕೆ ಸೋವಿಯತ್ ಒಕ್ಕೂಟದ ಜೊತೆ ಎದ್ದ ಬಿಕ್ಕಟ್ಟಿನ ನಡುವೆ, ಅಧ್ಯಕ್ಷ ಕೆನಡಿ ಟಿವಿಯಲ್ಲಿ ಶೆಲ್ಟರ್‌ಗಳ ಬಗ್ಗೆ ಮಾತಾಡಿದ ಮೇಲೆ ಹಿತ್ತಲುಗಳಲ್ಲಿ ಅಗೆತ ಜೋರಾಯಿತು. ಈಜುಕೊಳ ಕಟ್ಟುವ ಕಂಪನಿಗಳೂ ಈ ಕೆಲಸಕ್ಕೆ ಇಳಿದವು.

ಲೆಕ್ಕ ಸರಳವಾಗಿತ್ತು. ಸುಮಾರು 9 ಸೆಂಟಿಮೀಟರ್ ಗಟ್ಟಿ ಮಣ್ಣು ಬೂದಿಯಿಂದ ಹೊಮ್ಮುವ ಗಾಮಾ ಕಿರಣವನ್ನು ಅರ್ಧಕ್ಕೆ ಇಳಿಸುತ್ತದೆ. ಇನ್ನೊಂದು 9 ಹಾಕಿದರೆ ಆ ಅರ್ಧದಲ್ಲಿ ಅರ್ಧ. ತಲೆಯ ಮೇಲೆ 90 ಸೆಂಟಿಮೀಟರ್ ಮಣ್ಣಿದ್ದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಬೂದಿಯ ವಿಕಿರಣವೂ ಬೇಗ ಕುಗ್ಗುತ್ತದೆ. ಮೊದಲ ಗಂಟೆಯಲ್ಲಿ ಇದ್ದದ್ದು 7 ಗಂಟೆ ಕಳೆದಾಗ ಹತ್ತರಲ್ಲಿ ಒಂದು, 2 ದಿನಕ್ಕೆ ನೂರರಲ್ಲಿ ಒಂದು, 2 ವಾರಕ್ಕೆ ಸಾವಿರದಲ್ಲಿ ಒಂದು ಪಾಲಾಗುತ್ತದೆ. ಅದಕ್ಕೇ ಶೆಲ್ಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ವಾರದ ನೀರು, ಊಟದ ಲೆಕ್ಕ. ಒಳಗೆ ಹೋಗುವ ದಾರಿ ಎಷ್ಟೋ ಕಡೆ ನೇರ ಇರುವುದಿಲ್ಲ, ಒಂದು ಮೂಲೆ ತಿರುಗುತ್ತದೆ. ಗಾಮಾ ಕಿರಣ ನೇರಕ್ಕೆ ಹೋಗುತ್ತದೆ, ತಿರುವಿನಲ್ಲಿ ಬಹುಪಾಲು ಸೋತುಹೋಗುತ್ತದೆ.

ಅಂದರೆ ಮೇಲೆ ಭಾರ ಹೇರಿ, ಸುತ್ತ ಬಿಗಿಯಾಗಿ ಮುಚ್ಚಿದ ಕೋಣೆ ಇದು. ಇವತ್ತು ಅಪಾಯ ತರುವುದೂ ಅವೆರಡೇ.

ಮೊದಲು ಗಾಳಿಯ ಮಾತು. ಆಗ ಒಳಗಿದ್ದವರು ಗೋಡೆಗೆ ಕೂರಿಸಿದ ಬ್ಲೋವರಿನ ಹಿಡಿ ತಿರುಗಿಸಿ ಹೊರಗಿನ ಗಾಳಿ ಎಳೆದುಕೊಳ್ಳಬೇಕಿತ್ತು. ಅರವತ್ತು ವರ್ಷದಿಂದ ಆ ಹಿಡಿಯನ್ನು ಯಾರೂ ತಿರುಗಿಸಿಲ್ಲ. ಎಷ್ಟೋ ಕಡೆ ಮೇಲಿನ ಕೊಳವೆಯನ್ನು ಹುಲ್ಲು ಕತ್ತರಿಸುವುದಕ್ಕೆ ಅಡ್ಡ ಅಂತ ಕೊಯ್ದು ಮುಚ್ಚಿರುತ್ತಾರೆ. ಕಬ್ಬಿಣ ತುಕ್ಕು ಹಿಡಿಯುವಾಗ ಆಕ್ಸಿಜನ್ ತಿನ್ನುತ್ತದೆ. ಮರದ ಮಂಚ, ರಟ್ಟಿನ ಪೆಟ್ಟಿಗೆ ಕೊಳೆಯುವಾಗಲೂ ಅಷ್ಟೇ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಸುಮಾರು 21%. ಇಲ್ಲಿನ ಕಾರ್ಮಿಕ ಸುರಕ್ಷತೆ ನಿಯಮದ ಪ್ರಕಾರ 19.5%ಕ್ಕಿಂತ ಕೆಳಗೆ ಹೋದರೆ ಹಾಗೇ ಇಳಿಯುವಂತಿಲ್ಲ. ಕಡಿಮೆ ಆಕ್ಸಿಜನ್ನಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತುಂಬಾ ಕಡಿಮೆ ಇದ್ದರೆ ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ.

ಊರಲ್ಲಿ ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುತ್ತಿದ್ದರು, ಅಲ್ವಾ? ಇಲ್ಲಿ ಅದನ್ನು ಮಾಡಲೇಬೇಡಿ. ಕೊಳೆತದ್ದರಿಂದ ಮೀಥೇನ್ ಹುಟ್ಟಿರಬಹುದು, ಸೀಮೆಎಣ್ಣೆಯ ಡಬ್ಬಿ ಸೋರಿರಬಹುದು. ನಾಲ್ಕು ಬಗೆಯ ಗ್ಯಾಸ್ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ನೋಡಬೇಕು. ಮೇಲಿನ ಗಾಳಿ ಚೆನ್ನಾಗಿದ್ದು ತಳದಲ್ಲಿ ಭಾರದ ಗ್ಯಾಸ್ ಕೂತಿರುವುದುಂಟು. ಇದು ತರಬೇತಿ ಇದ್ದವರ ಕೆಲಸ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ, 911ಕ್ಕೆ ಕರೆ ಮಾಡಿ. ನಮ್ಮೂರಿನ ಮ್ಯಾನ್‌ಹೋಲ್ ಸಾವುಗಳಲ್ಲಿ ಕಾಪಾಡಲು ಇಳಿದವರೂ ಸಾಯುವುದನ್ನು ಎಷ್ಟು ಸಲ ಓದಿದ್ದೇವೆ.

ಇನ್ನು ನೀರು. ವಿಸ್ಕಾನ್ಸಿನ್ ರಾಜ್ಯದ ನೀನಾ ಊರಿನಲ್ಲಿ ಒಂದು ಕುಟುಂಬ 2010ರಲ್ಲಿ ತಮ್ಮ ಹಿತ್ತಲಿನ ಶೆಲ್ಟರ್ ತೆರೆದಾಗ ಒಳಗೆ ನೀರು ನಿಂತಿತ್ತು. ಸೈನ್ಯದ ಮದ್ದುಗುಂಡಿನ ಪೆಟ್ಟಿಗೆಗಳಲ್ಲಿ ಬಿಗಿಯಾಗಿ ಮುಚ್ಚಿಟ್ಟ ತಿಂಡಿ, ಔಷಧಿ, ಮೇಣದಬತ್ತಿ ಎಲ್ಲ ಹಾಳಾಗದೆ ಉಳಿದಿದ್ದವು. ಅವು ಆಮೇಲೆ ಅಲ್ಲಿನ ಇತಿಹಾಸ ಸಂಘದ ಪ್ರದರ್ಶನಕ್ಕೆ ಹೋದವು. ಓದಿದವರಿಗೆ ನಾವೂ ಪಂಪ್ ತಂದು ನೀರು ಖಾಲಿ ಮಾಡೋಣ ಅನ್ನಿಸುತ್ತದೆ. ಆತುರ ಬೇಡ. ಸುತ್ತಲಿನ ಮಣ್ಣು ನೀರು ಕುಡಿದಿದ್ದರೆ, ಒಳಗಿನ ನೀರೇ ಆ ಒತ್ತಡಕ್ಕೆ ಎದುರು ನಿಂತಿರುತ್ತದೆ. ಅದನ್ನು ತೆಗೆದರೆ ಹಳೇ ಬ್ಲಾಕ್ ಗೋಡೆ ಒಳಕ್ಕೆ ಬಿರಿಯಬಹುದು. ಶೆಲ್ಟರ್ ಉಕ್ಕಿನ ತೊಟ್ಟಿಯಾದರೆ, ನೀರಲ್ಲಿ ಅದುಮಿ ಹಿಡಿದ ಖಾಲಿ ಬಿಂದಿಗೆಯ ಹಾಗೆ ಮೇಲೇಳುತ್ತದೆ. 15 ಘನ ಮೀಟರಿನ ತೊಟ್ಟಿ ಪೂರ್ತಿ ನೀರಿನ ಮಟ್ಟದ ಕೆಳಗಿದ್ದರೆ ಅದರ ಮೇಲೆ ಸುಮಾರು 15 ಟನ್ ತಳ್ಳುವ ಬಲ ಇರುತ್ತದೆ. ಮಳೆ ನಿಂತು ನೆಲ ಒಣಗುವ ತನಕ ಕಾಯಿರಿ. ಆಮೇಲೂ ಸ್ವಲ್ಪ ಸ್ವಲ್ಪವೇ ತೆಗೆಸಿ.

ಒಳಗಿನ ಗಾಳಿ ಸರಿ ಇದೆ ಅಂತ ಖಚಿತವಾದ ಮೇಲೆ, ಮೇಲಿನ ಸ್ಲ್ಯಾಬನ್ನು ನಾನು ಕೆಳಗಿನಿಂದ ನೋಡುತ್ತೇನೆ. ಸರಳಿನ ಉದ್ದಕ್ಕೂ ಕೆಂಪು ಗೆರೆ ಇಳಿದಿದೆಯಾ, ಕಾಂಕ್ರೀಟ್ ಚಕ್ಕೆ ಎದ್ದು ಸರಳು ಕಾಣುತ್ತಿದೆಯಾ? ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಟೊಳ್ಳಾದ ಕಡೆ ಡಬ್ ಅನ್ನುತ್ತದೆ. ನಾನು ಬಂದು ನೋಡುವ ತನಕ ಅದರ ಮೇಲೆ ಜೆಸಿಬಿ, ಕಾರು ಯಾವುದೂ ಹತ್ತಬಾರದು.

ಒಳಗಿನ ಸಾಮಾನು ಮುಟ್ಟುವ ಮುಂಚೆ ಫೋಟೋ ತೆಗೆಯಿರಿ. ಆ ಕಾಲದ ಬಣ್ಣದಲ್ಲಿ ಸೀಸ, ಕೊಳವೆಗೆ ಸುತ್ತಿದ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕೆರೆಯಬೇಡಿ, ಪರೀಕ್ಷೆ ಮಾಡಿಸಿ. ವಿಕಿರಣ ಅಳೆಯುವ ಹಳದಿ ಬಣ್ಣದ ಗೈಗರ್ ಮೀಟರ್ ಸಿಕ್ಕರೆ ಅದರ ಪಕ್ಕಕ್ಕೆ ಅಂಟಿಸಿದ ಪುಟ್ಟ ಬಿಲ್ಲೆ ನೋಡಿ. ಮೀಟರ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಇಟ್ಟ ಸಣ್ಣ ವಿಕಿರಣ ಮೂಲ ಅದು. ಕೀಳಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಉಳಿಸಿಕೊಳ್ಳುವುದಾ, ಮುಚ್ಚುವುದಾ? ಕಾಂಕ್ರೀಟ್ ಗಟ್ಟಿಯಿದ್ದು ಒಣಗಿದ್ದರೆ ಉಳಿಸಿ ಅನ್ನುತ್ತೇನೆ. ಹೊಸ ಗಾಳಿ ದಾರಿ ಮಾಡಿಸಿ, ರೇಡಾನ್ ಅಳತೆ ಮಾಡಿಸಿ. ಮಣ್ಣಿನಿಂದ ತಾನಾಗಿಯೇ ಬರುವ ಈ ವಿಕಿರಣದ ಗ್ಯಾಸ್ ನೆಲದಡಿಯ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಮುಟ್ಟಿದರೆ ಸರಿಪಡಿಸಿ ಅನ್ನುತ್ತದೆ ಇಲ್ಲಿನ ಪರಿಸರ ಸಂಸ್ಥೆ. ತುಕ್ಕು ಹಿಡಿದ ಉಕ್ಕಿನ ತೊಟ್ಟಿಯಾದರೆ ಮುಚ್ಚಿಸಿ. ಸುಮ್ನೆ ಮಣ್ಣು ಸುರಿದರೆ ಸಾಲದು. ನಗರ ಕಚೇರಿಯ ಅನುಮತಿ ತಗೊಂಡು, ಅಗೆಯುವ ಮುಂಚೆ 811ಕ್ಕೆ ಕರೆ ಮಾಡಿ ಗ್ಯಾಸ್, ಕರೆಂಟ್ ಲೈನ್ ಗುರುತು ಮಾಡಿಸಿ. ನೀರು ಇಂಗಿ ಹೋಗುವ ಹಾಗೆ ತಳಕ್ಕೆ ತೂತು ಹೊಡೆಸಿ, ಜಲ್ಲಿ, ಮರಳನ್ನು ಪದರ ಪದರವಾಗಿ ತುಂಬಿಸಿ. ತುಂಬಿಸಿದ ಜಾಗದ ಅಳತೆ, ನಕ್ಷೆ, ಫೋಟೋ ಮನೆ ಪತ್ರಗಳ ಜೊತೆ ಇಡಿ. ಮನೆ ಮಾರುವಾಗ ಕೊಳ್ಳುವವರಿಗೆ ಅದನ್ನು ಬರಹದಲ್ಲಿ ಕೊಡಬೇಕು.