ಸೈನ್ಸ್ ಕೊಡಿಸಿದರೆ ಸೇಫ್ ಅಲ್ವಾ ಮೇಡಂ?

ಪ್ರಶ್ನೆ: ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 487 ಬಂದಿದೆ. ಅವಳು ಆರ್ಟ್ಸ್ ಅಂತಾಳೆ. ಸೈನ್ಸ್ ಕೊಡಿಸಿದರೆ ಮುಂದೆ ಯಾವ ಕಡೆಗಾದರೂ ಹೋಗಬಹುದಲ್ಲ, ಅದೇ ಸೇಫ್ ಅಲ್ವಾ? (ಮದ್ದೂರಿನಿಂದ ಒಬ್ಬ ತಂದೆ)

ರಿಸಲ್ಟ್ ಬಂದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ. ಊರು ಬೇರೆ, ಮಾರ್ಕ್ಸು ಬೇರೆ, ‘ಸೇಫ್’ ಮಾತ್ರ ಅದೇ. ಅವಳು ಯಾಕೆ ಆರ್ಟ್ಸ್ ಅಂತಾಳೆ ಅನ್ನೋದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀರಿ.

ಇರಲಿ. ಸೈನ್ಸ್ ತಗೊಂಡರೆ ಎಲ್ಲ ಬಾಗಿಲೂ ತೆರೆದೇ ಇರುತ್ತವೆ ಅಂತ ಯಾರು ಹೇಳಿದರೋ ಗೊತ್ತಿಲ್ಲ, ನಾನಂತೂ ಅಲ್ಲ. ಸೈನ್ಸ್ ಒಳಗೇ ಬಾಗಿಲು ಮುಚ್ಚುತ್ತವೆ. ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ತಗೊಂಡರೆ ಬಯಾಲಜಿ ಹೋಯ್ತು. ಬಯಾಲಜಿ ಇಲ್ಲದೆ ಡಾಕ್ಟರ್ ಸೀಟಿನ ನೀಟ್ ಇಲ್ಲ, ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿಯೂ ಇಲ್ಲ. ನಾಲೆ ಬಯಲಲ್ಲಿ ಗದ್ದೆ ಇರೋ ಮನೆಯವರೇ ಮಗನಿಗೆ ಪಿಸಿಎಂಸಿ ಕೊಡಿಸಿ, ಎರಡು ವರ್ಷ ಆದಮೇಲೆ ಕೃಷಿಕರ ಕೋಟಾ ವಿಚಾರಿಸಿಕೊಂಡು ಬರುತ್ತಾರೆ. ನಾನೇನು ಹೇಳಲಿ? ಗಣಿತ ಬಿಟ್ಟರೆ ಬಿಇ ಇಲ್ಲ. ಹಾಗಾದರೆ ಗಣಿತ, ಬಯಾಲಜಿ ಎರಡೂ ಇರೋ ಪಿಸಿಎಂಬಿ ಅಂತೀರಿ. ಸರಿ, ಇಷ್ಟವಿಲ್ಲದ ಹುಡುಗಿಗೆ ನಾಲ್ಕು ಕಷ್ಟದ ಸಬ್ಜೆಕ್ಟು, ಬೆಳಿಗ್ಗೆ ಮೈಸೂರಿಗೆ ಟ್ರೈನು, ಸಂಜೆ ಕೋಚಿಂಗು. ಬಿಇ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿ ಮಾರ್ಕ್ಸ್ ಅರ್ಧ. ಅವಳು ಜಸ್ಟ್ ಪಾಸಾದರೆ ಆ ಬಾಗಿಲು ತೆರೆದಿದ್ದು ಯಾರಿಗೆ?

ಇನ್ನು ಆರ್ಟ್ಸ್. ಐದು ವರ್ಷದ ಲಾ ಕೋರ್ಸಿಗೆ ಯಾವ ಪಿಯುಸಿ ಆದರೂ ನಡೆಯುತ್ತದೆ. ಕೆಎಎಸ್, ಐಎಎಸ್ ಬರೆಯೋಕೆ ಒಂದು ಡಿಗ್ರಿ ಸಾಕು, ಯಾವುದು ಅಂತ ಕೇಳಲ್ಲ. ಸಿಎ ಫೌಂಡೇಶನ್‌ಗೆ ಕಾಮರ್ಸೇ ಆಗಬೇಕು ಅಂತಲೂ ಇಲ್ಲ, ಅಕೌಂಟ್ಸ್ ಕಲಿಯೋಕೆ ಸ್ವಲ್ಪ ಜಾಸ್ತಿ ಬೆವರು ಹರಿಸಬೇಕು ಅಷ್ಟೆ. ಟೀಚರ್ ಆಗಬೇಕು ಅಂದರೆ ಬಿಎ, ಬಿಎಡ್ ಎರಡನ್ನೂ 4 ವರ್ಷಕ್ಕೆ ಮುಗಿಸೋ ಕೋರ್ಸ್ ಇದೆ. ಹಾಗಂತ ನಾನೇನು ಆರ್ಟ್ಸ್ ಏಜೆಂಟ್ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಡಿಗ್ರಿ ಮಾಡಬೇಕು ಅಂತ ಅವಳ ಮನಸ್ಸಿದ್ದರೆ ಸೈನ್ಸೇ ಬೇಕು, ಅದನ್ನೂ ಹೇಳುತ್ತೇನೆ.

ಡಿಪ್ಲೊಮಾ ಬಗ್ಗೆ ಕೇಳಿಲ್ಲ, ಆದರೂ ಒಂದು ಮಾತು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು.

ಇದಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳುವುದಿಲ್ಲ: ಕೌನ್ಸೆಲರ್ ಹತ್ತಿರ ಮಾತಾಡಬೇಕಾದವರು ಯಾರು? ನನ್ನ ಕೋಣೆಗೆ ಮೂರು ಜನ ಬರುತ್ತಾರೆ. ಅಪ್ಪ ಮಾತಾಡುತ್ತಾರೆ, ಅಮ್ಮ ತಿದ್ದುತ್ತಾರೆ, ಮಗು ಫ್ಯಾನ್ ನೋಡುತ್ತದೆ. ಅದಕ್ಕೇ ದೊಡ್ಡವರನ್ನು ಅರ್ಧ ಗಂಟೆ ಹೊರಗೆ ಕೂರಿಸುತ್ತೇನೆ. ಕೆಲವರಿಗೆ ಕೋಪ ಬರುತ್ತದೆ. ಮಗು ಹೇಳಿದ್ದನ್ನೆಲ್ಲ ನಾನು ವರದಿ ಒಪ್ಪಿಸುವುದಿಲ್ಲ ಅಂದಾಗ ಇನ್ನೂ ಜಾಸ್ತಿ. ಜೀವಕ್ಕೆ ಅಪಾಯ ಅನ್ನಿಸಿದರೆ ಖಂಡಿತ ಹೇಳುತ್ತೇನೆ. ಹಿಸ್ಟರಿ ಟೀಚರ್ ಇಷ್ಟ ಅಂದಿದ್ದನ್ನು ಯಾಕೆ ಹೇಳಲಿ?

ಮಗಳನ್ನು ಕರೆದುಕೊಂಡು ಬನ್ನಿ. ಮಾರ್ಕ್ಸ್ ಕಾರ್ಡ್ ಮರೆತರೂ ಪರವಾಗಿಲ್ಲ. ನೀವು ಹೊರಗೆ ಸುಮ್ನೆ ಕೂರಬೇಡಿ, ಎದುರಿನ ಅಂಗಡಿಯಲ್ಲಿ ಟೀ ಚೆನ್ನಾಗಿರುತ್ತದೆ.